ತಗಡು ಬಿದ್ದ ಮಧ್ಯಾಹ್ನ

ಮಾರ್ಚ್ 4, ಸೋಮವಾರ

ಇವತ್ತೂ ಅಲಾರಂಗಿಂತ ಮುಂಚೆ ಎಚ್ಚರ. ಏನೂ ಕೇಳಿಸದೆ ಎಚ್ಚರವಾಗುವುದು ಹೊಸ ಅನುಭವ. ಹಳೇ ಮನೆಯಲ್ಲಿ ಕೆಳಗಿನ ಗ್ರಿಲ್ ವರ್ಕ್‌ಶಾಪಿನವರು ಕಟಿಂಗ್ ಮಷೀನ್ ಹಾಕಿದರೆ ಬೆಳಗಾಯಿತೆಂದು ಅರ್ಥ. ಮಂಚ, ನೆಲ, ಹಲ್ಲು — ಎಲ್ಲ ಜುಂ ಅನ್ನುತ್ತಿದ್ದವು. ಇಲ್ಲಿ ನಲ್ಲಿ ತೊಟ್ಟಿಕ್ಕಿದರೂ ಯಾರೋ ಬಂದರು ಅನಿಸುತ್ತದೆ. ಬೀದಿಗೆ ನಾಲ್ಕೈದೇ ಮನೆ. ಮಿಕ್ಕದ್ದು ಖಾಲಿ ಸೈಟು, ಹುಲ್ಲು, ಗಾಳಿ.

ಕೊನೆಗೂ ಸ್ವಂತದ್ದು. ಅತ್ತೆ ಹಟ ಹಿಡಿಯದಿದ್ದರೆ ಇನ್ನೂ ಆ ಗದ್ದಲದಲ್ಲೇ ಇರುತ್ತಿದ್ದೆವು. "ಚಿಕ್ಕದಾದ್ರೂ ಪರವಾಗಿಲ್ಲ, ದೂರ ಆದ್ರೂ ಪರವಾಗಿಲ್ಲ, ಸದ್ದಿಲ್ಲದ ಕಡೆ ತಗೊಳ್ಳಿ" ಎಂದು ತಿಂಗಳುಗಟ್ಟಲೆ ಜೀವ ತಿಂದರು. ಮಗಳ ಮನೆಗೆ ಬಾಣಂತನಕ್ಕೆಂದು ಬಂದವರು, ಮನೆ ಕೊಡಿಸಿಯೇ ಬಿಟ್ಟರು. ಈಗ ನೋಡಿದರೆ ಅವರೇ ಸಪ್ಪಗಿದ್ದಾರೆ. ಕೇಳಿದರೆ "ಏನಿಲ್ಲ" ಎನ್ನುತ್ತಾರೆ.

ಮಾರ್ಚ್ 8, ಶುಕ್ರವಾರ

ಎದುರುಮನೆ ಟೀಚರ್ ಗೇಟಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು — "ಏನೂ ತಿಳ್ಕೋಬೇಡಿ. ಮನೇಲಿ ಜಗಳ ಏನಾದ್ರೂ...?"

"ಇಲ್ವಲ್ಲ."

"ಬೆಳಿಗ್ಗೆ ಜೋರಾಗಿ ಕೂಗಾಡ್ತಿದ್ರಿ."

ಟವೆಲ್ ಕೇಳಿದ್ದೆ, ಅಷ್ಟೆ. ಪ್ರಿಂಟಿಂಗ್ ಪ್ರೆಸ್ಸಿನ ಗಂಟಲು. ದಿನವಿಡೀ ಮಷೀನಿನ ಮೇಲೆ ಕೂಗಿ ಕೂಗಿ, ಪಿಸುಮಾತೂ ಭಾಷಣ. ನನ್ನ ಹೆಂಡತಿ, ಇವಳಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಇನ್ನು ಮೇಲೆ ಎಲ್ಲರೂ ಮೆತ್ತಗೆ ಮಾತಾಡುವುದೆಂದು ಠರಾವು.

ಪುಟ್ಟಿಗೆ ಮಾತ್ರ ಈ ಮನೆ ಒಗ್ಗಿಲ್ಲ. ಅಲ್ಲಿ ಕುಂಭಕರ್ಣನ ತಂಗಿ. ಕೆಳಗೆ ಕಬ್ಬಿಣ ಕೊಯ್ದರೂ ಗೊರಕೆ. ಬಂದವರೆಲ್ಲ "ಎಂಥಾ ಸಮಾಧಾನದ ಕೂಸು" ಅನ್ನುವುದು, ನಾವು ಬೀಗುವುದು. ಇಲ್ಲಿ ಗಳಿಗೆಗೊಮ್ಮೆ ಏಳುತ್ತಾಳೆ. ನೆಲಕ್ಕೆ ಕೆನ್ನೆ ಒತ್ತಿ ಮಲಗುತ್ತಾಳೆ, ಏನೋ ಕಳೆದುಕೊಂಡವಳ ಹಾಗೆ. ಆಮೇಲೆ ಅಳು. ವರ್ಷ ತುಂಬಿ ಮೂರು ತಿಂಗಳಾಯಿತು, "ಅಬ್ಬಬ್ಬ" ಬಿಟ್ಟರೆ ಮಾತಿಲ್ಲ.

"ನಿಮ್ಮನ್ನ ಹೋಲ್ತಿದ್ರೆ ಇಷ್ಟೊತ್ತಿಗೆ ಬೀದಿಗೇ ಕೇಳಿಸ್ಬೇಕಿತ್ತು" — ಇವಳ ಜೋಕು.

ಅತ್ತೆ ನಗಲಿಲ್ಲ.

ಮಾರ್ಚ್ 17, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆದುಬಿಡಬೇಕು.

ಊಟ ಆಗಿತ್ತು. ಪುಟ್ಟಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಬಟ್ಟೆ ಕ್ಲಿಪ್ಪುಗಳನ್ನು ಮಗ್ಗಿಗೆ ಹಾಕುವುದು, ಸುರಿಯುವುದು. ಮಹಡಿ ಮೇಲೆ ನೀರಿನ ಟ್ಯಾಂಕಿಗೆ ನೆರಳು ಮಾಡುತ್ತಿದ್ದ ಕೆಲಸದವನ ಕೈಯಿಂದ ತಗಡಿನ ಶೀಟು ಜಾರಿತು. ಪಕ್ಕದ ಸೈಟಿನ ಕಲ್ಲುರಾಶಿ ಮೇಲೆ ಬಿತ್ತು.

ಆಕಾಶವೇ ಹರಿದ ಹಾಗೆ. ನನ್ನ ಕೈಲಿದ್ದ ಲೋಟ ಚೆಲ್ಲಿತು. ಇವಳು "ಅಯ್ಯಮ್ಮಾ" ಎಂದು ಗೋಡೆ ಹಿಡಿದಳು. ಹುಲ್ಲಿನಿಂದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಟೀಚರ್ ಬರಿಗಾಲಲ್ಲಿ ಓಡಿ ಬಂದರು.

ಪುಟ್ಟಿ ಒಂದು ಕ್ಲಿಪ್ಪು ಹಾಕಿದಳು. ಇನ್ನೊಂದು ಹಾಕಿದಳು.

ಭುಜ ಕೂಡ ಅಲುಗಲಿಲ್ಲ.

ನಾನು ಇವಳನ್ನು ನೋಡಿದೆ. ಇವಳು ನನ್ನನ್ನು ನೋಡಲಿಲ್ಲ. "ಆಟದಲ್ಲಿ ಮುಳುಗಿದ್ದಾಳೆ ರೀ" ಎಂದಳು. ನಾನಿನ್ನೂ ಏನೂ ಕೇಳಿರಲಿಲ್ಲ.

ಹಿಂದೆ ನಿಂತು ಕೂಗಿದೆ. ಪ್ರೆಸ್ಸಿನ ಗಂಟಲಲ್ಲಿ. "ಪುಟ್ಟೀ!" ಟೀಚರ್ ಎರಡೂ ಕಿವಿ ಮುಚ್ಚಿಕೊಂಡರು. ಪುಟ್ಟಿ ಮಗ್ಗನ್ನು ಬೋರಲು ಹಾಕಿದಳು. ಇವಳು ತಟ್ಟೆ ತಂದಳು, ಸೌಟು ತಂದಳು. ಬಡಿದಳು. ಹುಚ್ಚು ಹಿಡಿದವಳ ಹಾಗೆ ಬಡಿದಳು. "ತಿರುಗೇ... ತಿರುಗೇ ನನ್ನಮ್ಮ..."

ನನ್ನ ನೆರಳು ನೆಲದ ಮೇಲೆ ಬಿದ್ದಾಗ ಪುಟ್ಟಿ ತಿರುಗಿದಳು. ಇದ್ದಷ್ಟು ಹಲ್ಲನ್ನೂ ತೋರಿಸಿ ನಕ್ಕಳು.

ಅತ್ತೆ ಅಲ್ಲೇ ಕೂತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು.

ಮಾರ್ಚ್ 18

ಪ್ರೆಸ್ಸಿಗೆ ರಜೆ ಹೇಳಿದೆ. ಕಾರಣ ಏನೆಂದು ಓನರ್ ಕೇಳಿದರು. ಫೋನ್ ಇಟ್ಟೆ.

ಮಾರ್ಚ್ 27, ಬುಧವಾರ

ಆಸ್ಪತ್ರೆ. ಹೊರಗಿನ ಸದ್ದು ನುಗ್ಗದ ಕೋಣೆ. ಪುಟ್ಟಿಗೆ ನಿದ್ದೆ ಬರಿಸಿ, ತಲೆಗೆ ವೈರು ಅಂಟಿಸಿದರು. ಪರೀಕ್ಷೆ ಮಾಡುವ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು — "ಎರಡೂ ಕಿವಿ. ತುಂಬಾ ಕಮ್ಮಿ ಕೇಳ್ಸುತ್ತೆ. ಹುಟ್ಟಿದಾಗಿಂದ್ಲೇ ಇರಬಹುದು."

"ಹಳೇ ಮನೇಲಿ ನಾವು ರೂಮಿಗೆ ಬಂದ್ರೆ ಸಾಕು, ತಿರುಗಿ ನೋಡ್ತಿದ್ಲು ಮೇಡಂ."

"ನಡೆದ್ರೆ ನೆಲ ಅದುರ್ತಿತ್ತಾ?"

ಅದುರುತ್ತಿತ್ತು. ಆ ಮನೆಯೇ ಅದುರುತ್ತಿತ್ತು. ಅವಳ ಪಾಲಿಗೆ ಅದೇ ತೊಟ್ಟಿಲು, ಅದೇ ನಮ್ಮ ಹೆಜ್ಜೆ. ಬಂಡೆಯಂಥ ನೆಲದ ಈ ಮನೆಗೆ ತಂದು ಅದನ್ನೂ ಕಿತ್ತುಕೊಂಡೆವು.

ಕಿವಿಗೆ ಮಷೀನ್ ಹಾಕೋಣ, ತಡವಾಗಿಲ್ಲ ಎಂದಳು ಆ ಹುಡುಗಿ. ದಾರಿಯುದ್ದಕ್ಕೂ ಇವಳದ್ದು ಒಂದೇ ಮಾತು — "ದಿನಾ ಹಾಡ್ತಿದ್ದೆನಲ್ಲ... ಯಾರಿಗ್ರೀ ಹಾಡಿದ್ದು?"

ಅದೇ ದಿನ, ಸಂಜೆ

ಇನ್ನೂ ನಂಬಲಾಗುತ್ತಿಲ್ಲ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಎರಡೂ ಕಿವೀನಾ?" ಎಂದರು. ನಾನು ತಲೆಯಾಡಿಸಿದೆ. "ಅಂದ್ಕೊಂಡಿದ್ದೆ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತರು.

"ಅಂದ್ಕೊಂಡಿದ್ದೆ ಅಂದ್ರೆ?" ಇವಳ ದನಿ ವಿಚಿತ್ರವಾಗಿತ್ತು. "ಯಾವಾಗಿಂದ?"

"ಆರು ತಿಂಗಳ ಕೂಸಿದ್ದಾಗ. ಗಿಲಕಿ ಆಡ್ಸಿದ್ರೆ, ಕಣ್ಣಿಗೆ ಕಾಣೋವರೆಗೂ ನೋಡ್ತಿರ್ಲಿಲ್ಲ."

"ನನಗೆ ಹೇಳ್ಲಿಲ್ಲ!"

"ಏನಂತ ಹೇಳ್ಲೇ? ಆ ಗಲಾಟೇಲಿ ನಮ್ಮ ಮಾತು ನಮಗೇ ಕೇಳಿಸ್ತಿರ್ಲಿಲ್ಲ. ನನ್ನ ಭ್ರಮೆ ಇರಬಹುದು ಅಂತ... ಸದ್ದಿಲ್ಲದ ಕಡೆ ಹೋದ್ರೆ ಮಗು ತಿರುಗಿ ನೋಡುತ್ತೆ, ನನ್ನ ಬಾಯಿಗೆ ಮಣ್ಣು ಬೀಳುತ್ತೆ ಅಂತ ಕಾಯ್ತಿದ್ದೆ ಕಣೇ."

ಅದಕ್ಕೇ ಆ ಹಟ. ಅದಕ್ಕೇ ಈ ಮನೆ. ಗಾಳಿ ಬೆಳಕು ನೋಡಿ ಕೊಂಡೆವೆಂದು ನಾನು ತಿಳಿದಿದ್ದೆ.

"ಒಂಬತ್ತು ತಿಂಗಳಮ್ಮ" ಎಂದಳು ಇವಳು. "ಒಂಬತ್ತು ತಿಂಗಳು ಬಾಯಿ ಮುಚ್ಕೊಂಡಿದ್ದೆ ನೀನು."

ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಚಿಲಕ ಹಾಕಿಕೊಂಡಳು.

ಏಪ್ರಿಲ್ 9, ಮಂಗಳವಾರ

ಇವಳು ತಾಯಿಯ ಜೊತೆ ಮಾತು ಬಿಟ್ಟಿದ್ದಾಳೆ. ಏನಿದ್ದರೂ ನನ್ನ ಮೂಲಕ. "ಉಪ್ಪು ಜಾಸ್ತಿ ಆಗಿದೆ ಅಂತ ಹೇಳಿ." ಕೈಗೆಟಕುವಷ್ಟು ದೂರದಲ್ಲಿ ಅತ್ತೆ. ನಾನು ತಿರುಗಿ "ಉಪ್ಪು ಜಾಸ್ತಿಯಂತೆ" ಎನ್ನಬೇಕು. ಬೀದಿಯ ಮೌನ ಒಳಗೇ ಬಂದು ಕೂತಿದೆ.

ಅತ್ತೆ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದರು. "ಎಲ್ಲಿಗೆ?"

"ತಮ್ಮನ ಮನೇಗೆ. ನಾನಿದ್ರೆ ಅವಳಿಗೆ ಅನ್ನ ಇಳಿಯೋದಿಲ್ಲ."

"ಪುಟ್ಟಿಗೆ ಮಷೀನ್ ಬರೋವರೆಗಾದ್ರೂ ಇರಿ ಅತ್ತೆ."

ನನಗೂ ಸಿಟ್ಟಿದೆ. ಆ ಮುಖ ನೋಡಿದರೆ ಸಿಟ್ಟು ನಿಲ್ಲುವುದಿಲ್ಲ. ಬ್ಯಾಗು ಮಂಚದ ಕೆಳಗೆ ಹೋಯಿತು.

ಮೇ 14, ಮಂಗಳವಾರ

ಮಷೀನ್ ಬಂತು. ಗೋಡಂಬಿಯಷ್ಟು ಗಾತ್ರ. ಆಸ್ಪತ್ರೆಯಲ್ಲಿ ಹಾಕಿದಾಗ ರಂಪ. ತನ್ನ ಅಳು ತನಗೇ ಕೇಳಿಸಿ, ಬೆಚ್ಚಿ, ಇನ್ನೂ ಜೋರಾಗಿ ಅತ್ತಳು. ನೋಡಲಾಗಲಿಲ್ಲ. "ಮನೆ ಹತ್ರ ಗಲಾಟೆ ಇಲ್ವಲ್ಲ? ಒಳ್ಳೇದಾಯ್ತು. ಒಂದೊಂದೇ ಸದ್ದು ಬೇರೆ ಬೇರೆಯಾಗಿ ಕೇಳಿಸ್ಬೇಕು ಇವಳಿಗೆ" ಎಂದಳು ಆ ಹುಡುಗಿ. ಇವಳು ಕಿಟಕಿ ಕಡೆ ಮುಖ ಮಾಡಿದಳು.

ಮನೆಗೆ ಬಂದ ಮೇಲೆ ಪುಟ್ಟಿ ಸುಮ್ಮನಾದಳು. ಹಜಾರದ ನಡುವೆ ಕೂರಿಸಿ, ಕೈಗೆ ಚೆಂಡು ಕೊಟ್ಟೆವು. ಹಿಂದಿನಿಂದ ನಾನು ಕರೆದೆ. ಇಲ್ಲ. ಇವಳು ಕರೆದಳು. ಇಲ್ಲ. ಮತ್ತೆ ಕರೆದಳು. ದನಿ ಒಡೆಯಿತು. ಚೆಂಡನ್ನೇ ನೆಕ್ಕುತ್ತಿದ್ದಳು ಪುಟ್ಟಿ.

ಅಡುಗೆಮನೆಯಲ್ಲಿ ಹಾಲು ಉಕ್ಕಿತು. "ಅಯ್ಯೋ, ಹೋಯ್ತಲ್ಲಪ್ಪಾ!" ಎಂದು ಅತ್ತೆ ಕೂಗಿಕೊಂಡರು.

ಚೆಂಡು ನಿಂತಿತು. ಪುಟ್ಟಿಯ ತಲೆ ತಿರುಗಿತು. ಅಡುಗೆಮನೆಯ ಕಡೆಗೆ.

ನಾವಿಬ್ಬರೂ ಕಲ್ಲಾದೆವು.

"ಅಮ್ಮಾ" ಎಂದಳು ಇವಳು. ಇಷ್ಟು ವಾರಗಳ ಮೇಲೆ, ಮೊದಲ ಸಲ. "ಅಮ್ಮಾ, ಇನ್ನೊಂದ್ಸಲ ಕೂಗಮ್ಮ. ನಿನ್ನ ದನಿಗೆ ತಿರುಗಿದ್ಲು... ಕೂಗಮ್ಮ, ಬೇಗ!"

ಅತ್ತೆ ಇಕ್ಕಳ ಹಿಡಿದೇ ಬಾಗಿಲಿಗೆ ಬಂದರು. ಬಾಯಿ ತೆರೆದರು. ದನಿ ಹೊರಡಲಿಲ್ಲ. ತುಟಿ ಮಾತ್ರ ಅದುರುತ್ತಿತ್ತು. ಪುಟ್ಟಿ ಅವರನ್ನೇ ನೋಡುತ್ತ, ಕತ್ತು ಓರೆ ಮಾಡಿ, ಕಾಯುತ್ತ —