‘ಬರೆದಾಯ್ತು’ ಎಂದು ಸುಳ್ಳು ಹೇಳಿಸಿದವನಿಗೆ

ಅಮ್ಮನ ಮನೆ, ಮಹಡಿಯ ಕೋಣೆ
ಮಾರ್ಚ್ ಹದಿನಾಲ್ಕು, ಶುಕ್ರವಾರ ಬೆಳಗ್ಗೆ

ಅಣ್ಣಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಮೊದಲು ಆರೋಗ್ಯ ವಿಚಾರಿಸಬೇಕೆಂದು ಅಮ್ಮ ಕಲಿಸಿದ್ದಾಳೆ, ಅದಕ್ಕೆ ಕೇಳಿದೆ, ಉತ್ತರ ಬೇಕಿಲ್ಲ. ಅವಳ ರಕ್ತದೊತ್ತಡ ಏರಿದೆ, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾಳೆ. ನೀನು ಫೋನ್ ಎತ್ತದೆ ಹನ್ನೊಂದು ದಿನವಾಯಿತು. ಅದಕ್ಕೇ ಈ ಕಾಗದ. ಇದರ ಬಾಯಿ ಮುಚ್ಚಿಸುವ ಗುಂಡಿ ನಿನ್ನ ಬಳಿ ಇಲ್ಲ.

ಅಮ್ಮ ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದ ಕಣ್ಣಾಸ್ಪತ್ರೆಯ ದಾಖಲೆ ಕೋಣೆಗೆ ಕಳೆದ ತಿಂಗಳು ಬಣ್ಣ ಬಳಿಯುವವರು ಬಂದಿದ್ದರು. ಬೀರು ಸರಿಸುವಾಗ ನೆಟ್‌ವರ್ಕ್ ಕೇಬಲ್ ಕಿತ್ತು ಬಂತು. ಮತ್ತೆ ಸಿಕ್ಕಿಸಿದರು, ಆದರೆ ಸಡಿಲವಾಗಿ. ದಿನವಿಡೀ ಅದು ಕಡಿಯುತ್ತ, ಕೂಡುತ್ತ ಇತ್ತು. ಅಲ್ಲಿನ ಡಿಸ್ಕುಗಳಿರುವುದು ಪಕ್ಕದ ಕಟ್ಟಡದಲ್ಲಿ. ಅವು ತನ್ನ ಹೊಟ್ಟೆಯೊಳಗೇ ಇವೆ ಎಂದು ಕಂಪ್ಯೂಟರನ್ನು ನಂಬಿಸುವುದೇ ಅದರ ತಿರುಳು ತಂತ್ರಾಂಶವಾದ ಕರ್ನಲ್‌ನಲ್ಲಿ ನೀನು ಬರೆದ ಭಾಗದ ಕೆಲಸ. ನಂಬಿಸಿತು, ಚೆನ್ನಾಗಿಯೇ ನಂಬಿಸಿತು. ಕೇಬಲ್ ಕಡಿದಾಗಲೆಲ್ಲ ‘ಬರೆದಾಯ್ತು’ ಎಂದಿತು. ಆ ಮಾತು ಕೇಳಿ, ರೋಗಿಗಳ ಕಣ್ಣಿನ ಚಿತ್ರ ತೆಗೆಯುವ ಕ್ಯಾಮೆರಾ ತನ್ನ ಪ್ರತಿಯನ್ನು ಅಳಿಸಿಹಾಕಿತು. ಅರವತ್ತಮೂರು ಜನರ ಕಣ್ಣಿನ ಚಿತ್ರಗಳು ಗಾಳಿಯಲ್ಲಿ ಹೋದವು. ಅವರಲ್ಲೊಬ್ಬ ಬಸ್ ಚಾಲಕ. ಅವನ ಅಕ್ಷಿಪಟಲ ಹರಿದದ್ದು ಆ ಚಿತ್ರದಲ್ಲಿತ್ತು. ನೋಡಲು ಚಿತ್ರವೇ ಇಲ್ಲದೆ ಶಸ್ತ್ರಚಿಕಿತ್ಸೆ ಒಂಬತ್ತು ದಿನ ತಡವಾಯಿತು. ಅವನಿಗೀಗ ಎಡಗಣ್ಣು ಕಾಣುವುದಿಲ್ಲ, ಬಸ್ಸೂ ಇಲ್ಲ.

ನೆನಪಿದೆಯಾ? ಇಬ್ಬರೂ ಒಂದೇ ತಂಡದಲ್ಲಿದ್ದೆವು, ನೀನು ಆ ಕೋಡ್ ತಂದಾಗ ಪರಿಶೀಲಿಸಿದವಳು ನಾನು. ಡಿಸ್ಕಿನಿಂದ ಉತ್ತರ ಬರುವವರೆಗೆ ಕಾಯುವ ನಾಲ್ಕು ಸಾಲನ್ನು ನೀನು ತೆಗೆದಿದ್ದೆ. ಕೇಬಲ್ ಕಿತ್ತು ನೋಡೋಣ ಎಂದೆ ನಾನು. “ಕೇಬಲ್ ಯಾರೇ ಕೀಳ್ತಾರೆ? ನಿಂಗೆ ಎಲ್ಲದಕ್ಕೂ ಭಯ,” ಅಂತ ನೀನು ಇಡೀ ತಂಡದೆದುರು ನಕ್ಕೆ. ಮರುದಿನ ಪ್ರದರ್ಶನವಿತ್ತು, ನಿನಗೆ ವೇಗ ಬೇಕಿತ್ತು. ಚಪ್ಪಾಳೆ ಬಿತ್ತು. ಅದೇ ಚಪ್ಪಾಳೆಯ ಮೇಲೆ ಹೊಸ ಕೆಲಸಕ್ಕೆ ಹಾರಿಹೋದೆ. ಚಿಕ್ಕಂದಿನಲ್ಲೂ ಗಾಜು ಒಡೆಯುವವನು ನೀನು, ಚೂರು ಆರಿಸುವವರು ನಾವು.

ಆ ನಾಲ್ಕು ಸಾಲನ್ನು ಮತ್ತೆ ಸೇರಿಸಿದ್ದೇನೆ. ಹದಿನೇಳು ಸಲ ಕೇಬಲ್ ಕಿತ್ತು ಪರೀಕ್ಷಿಸಿದೆ. ಒಂದು ಚಿತ್ರವೂ ಕಳೆಯಲಿಲ್ಲ. ವೇಗ ಸ್ವಲ್ಪ ಕಡಿಮೆ, ಅಷ್ಟೇ. ಆದರೆ ಅಮ್ಮನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಸೇವ್ ಮಾಡಲು ತಾನೇ ಮರೆತೆ ಎಂದು ಬರೆದುಕೊಟ್ಟಿದ್ದಾಳಂತೆ. ಒಂದು ಚೀಟಿಯನ್ನೂ ಕಳೆದವಳಲ್ಲ. ಯಾಕೆ ಹಾಗೆ ಬರೆದೆ ಎಂದರೆ ಗೋಡೆ ನೋಡುತ್ತಾಳೆ.

ಅತ್ತಿಗೆಗೆ ನನ್ನ ನಮಸ್ಕಾರ. ನಿನಗೆ ಏನೂ ಇಲ್ಲ.

ನಿನ್ನ ತಂಗಿ

ಮತ್ತೆ: ಅಂಚೆಗೆ ಹೊರಟವಳು ಮೆಟ್ಟಿಲಿಂದ ವಾಪಸ್ ಬಂದು ಬರೆಯುತ್ತಿದ್ದೇನೆ. ಅಮ್ಮ ಲಕೋಟೆ ಕಿತ್ತುಕೊಂಡು ನಿಜ ಹೇಳಿದಳು. ಚಿತ್ರಗಳು ಕಳೆದದ್ದು ಹೇಗೆಂದು ನೋಡಲು ಆಸ್ಪತ್ರೆಯವರು ಕರೆಸಿದ ತಜ್ಞರ ವರದಿಯನ್ನು ಮೊದಲು ಓದಿದವಳು ಅವಳೇ. ಕೋಡ್ ಬರೆದವನ ಜಾಗದಲ್ಲಿ ನಿನ್ನ ಹೆಸರಿತ್ತು. ಆ ಪುಟ ಹರಿದುಹಾಕಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಾಳೆ. “ಅವ್ನು ನನ್ ಮಗ ಕಣೇ, ಇನ್ನೇನ್ ಮಾಡ್ಲಿ?” ಅಂದಳು. ಈಗಷ್ಟೇ ತಜ್ಞರಿಗೆ ಫೋನ್ ಮಾಡಿ ಆ ಪುಟದ ಇನ್ನೊಂದು ಪ್ರತಿಯನ್ನು ಮೊಬೈಲಿಗೆ ತರಿಸಿಕೊಂಡೆ. ಮುಂದಿನ ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಅಮ್ಮನ ವಿಚಾರಣೆ. ಬಂದು ನೀನೇ ಬಾಯಿಬಿಡು. ಬಾರದಿದ್ದರೆ ಅಮ್ಮನ ಎದುರಿಗೇ, ಆ ಚಾಲಕನ ಎದುರಿಗೇ ನಾನು ಓದುತ್ತೇನೆ. ನಿನ್ನ ಹೆಸರಿನ ಕೆಳಗೆ, ‘ಪರಿಶೀಲಿಸಿ ಒಪ್ಪಿದವರು’ ಎಂಬಲ್ಲಿ, ನನ್ನ ಹೆಸರಿದೆ. ಅಣ್ಣನೆಂಬ ದಾಕ್ಷಿಣ್ಯಕ್ಕೆ ಅಂದು ಒಪ್ಪಿಬಿಟ್ಟೆ. ಅದನ್ನೂ ಓದುತ್ತೇನೆ.