ಮೊದಲು ಆಶೀರ್ವಾದ ಕೇಳು

ಕೊಕೊ ಬೆಳೆಗಾರರ ಸಂಘ,
ಕಾಸ್ತಿಯೋ

ಪ್ರೀತಿಯ ನೆರೈದಾ,

ನಮ್ಮ ಕಚೇರಿಯ ಫೋನಿಗೆ ಇಂಟರ್ನೆಟ್ ಬಂತು. ರಾಜಧಾನಿಯಿಂದ ಬಂದ ಮೆಕ್ಯಾನಿಕ್, ಬಂದ ಕರೆಗಳಿಗೆ ಉತ್ತರಿಸಿ ಒಳಗೆ ಜೋಡಿಸುವ ಹಳೇ ಪೆಟ್ಟಿಗೆಯನ್ನೇ ಕಿತ್ತೆಸೆಯಲು ಹೊರಟಿದ್ದ. "ತಮ್ಮಾ, ಈ ಪೆಟ್ಟಿಗೆ ಎಷ್ಟೋ ಚಂಡಮಾರುತ ನೋಡಿದೆ, ನೀನು ಒಂದನ್ನಾದ್ರೂ ನೋಡಿದೀಯಾ?" ಅಂದೆ. ಕೊನೆಗೆ ನಾನು ಹೇಳಿದ ಹಾಗೆ ಹಳೆಯದಕ್ಕೇ ಹೊಸದನ್ನು ಜೋಡಿಸಿದ. ನಾನಿಲ್ಲದಿದ್ದರೆ ಅವನಿಗೆ ತಂತಿ ಯಾವುದು, ದಾರ ಯಾವುದು ತಿಳಿಯುತ್ತಿರಲಿಲ್ಲ. ಇನ್ನು ನೀನು ಮ್ಯಾಡ್ರಿಡ್‌ನಿಂದ ಪುಕ್ಕಟೆ ಕರೆ ಮಾಡಬಹುದು. ದುಬಾರಿ ಎಂಬ ನೆವ ಮುಗಿಯಿತು.

ಆ ಪೆಟ್ಟಿಗೆಗಾಗಿ ಜಗಳವಾಡಲು ಕಾರಣವಿತ್ತು. ನೀನು ಇಲ್ಲಿ ಕೆಲಸದಲ್ಲಿದ್ದಾಗ ರೆಕಾರ್ಡ್ ಮಾಡಿಟ್ಟ "ನಮಸ್ಕಾರ, ಕೊಕೊ ಸಂಘ, ದಯವಿಟ್ಟು ಕಾಯಿರಿ" ಅದರೊಳಗಿದೆ. ನಿಮ್ಮಮ್ಮ ದಿನಾ ಔಷಧಿ ಅಂಗಡಿಯಿಂದ ಕರೆ ಮಾಡಿ ಅದನ್ನು ಕೇಳುತ್ತಾಳೆ.

"ಅಕ್ಕಾ, ಅದು ಯಂತ್ರ ಕಣೇ," ಅಂದೆ.

"ಗೊತ್ತು ಕಣೋ ಬಡಾಯಿಕೋರ. ಆದ್ರೂ ನಮ್ಮೂರ ಮಕ್ಕಳೆಲ್ಲ ಮೊದಲು ಕೇಳೋ ಹಾಗೆ ಆಶೀರ್ವಾದ ಮಾಡಮ್ಮಾ ಅಂತ ಕೇಳದೆ ಮಾತು ಶುರು ಮಾಡ್ತಾಳಲ್ಲ, ಅದೇ ಸಂಕಟ," ಅಂದಳು.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವಳನ್ನು ಇಲ್ಲಿ ಕಚೇರಿಗೆ ಕರೆತಂದು ಫೋನಿನ ಮುಂದೆ ಕೂರಿಸುತ್ತೇನೆ. ನೀನು ಕರೆ ಮಾಡಿದಾಗ ನಿನ್ನದೇ ದನಿ ಕೇಳಿತೆಂದು ಫೋನ್ ಇಟ್ಟುಬಿಡಬೇಡ, ನಾಲ್ಕು ಒತ್ತು, ಕರೆ ನನ್ನ ಮೇಜಿಗೆ ಬರುತ್ತದೆ. ಅಮ್ಮ ಎತ್ತಿದಾಗ ನಮಸ್ಕಾರ ಅನ್ನಬೇಡ, ಮತ್ತೆ ಯಂತ್ರವೇ ಎಂದುಕೊಳ್ಳುತ್ತಾಳೆ. ಮೊದಲು ಆಶೀರ್ವಾದ ಕೇಳು.

ಆಮೇಲೆ ನನ್ನ ಕೈಗೂ ಫೋನ್ ಕೊಡಲು ಅಮ್ಮನಿಗೆ ಹೇಳು. ಮೆಕ್ಯಾನಿಕ್ ಕೆಲಸ ನೆಟ್ಟಗಿದೆಯೇ ಎಂದು ನೋಡಬೇಕಷ್ಟೆ. ಆದರೆ ಆಶೀರ್ವಾದ ನನ್ನ ಹತ್ತಿರವೂ ಕೇಳು, ಇಷ್ಟು ದಿನದ್ದು ಕೊಡದೆ ಹಾಗೇ ಉಳಿದಿದೆ.

ನಿನ್ನ ಸೋದರಮಾವ,
ಮೆಲಾನಿಯೊ