‘ಒಪ್ಪಿದೆ’ ಅಂದರೂ ಸರಿ, ಬಾ ದೊಡ್ಡಮ್ಮ

ಯೋಗ್ಯಕರ್ತ, ಭಾನುವಾರ

ಪ್ರೀತಿಯ ಸಾರ್ಮಿ ದೊಡ್ಡಮ್ಮ,

ನನ್ನ ನಿಕಾಹ್‌ಗೆ ಬರುವುದಿಲ್ಲ ಎಂದೆಯಂತೆ. “ವರ ಒಪ್ಪಿಗೆ ಹೇಳೋವಾಗ ಯಾವನಾದ್ರೂ ಹಿಂದಿನಿಂದ ತಿವಿದ್ರೆ ನಾನೂ ‘ಒಪ್ಪಿದೆ’ ಅಂದ್ಬಿಡ್ತೀನಿ. ಆಮೇಲೆ ಲಾರಾಸ್‌ಗೆ ನಾನೇ ಗಂಡ!” ಕೇಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿದವಳು ನೀನು. ಮದುವೆಯ ದಿನ ನೀನು ಪಕ್ಕದಲ್ಲಿರಬೇಕು.

ಕ್ಲಾತೆನ್ ಮಾರುಕಟ್ಟೆಯಲ್ಲಿ ನೀನು ಸೋಯಾ ಕಾಳಿನ ತೆಂಪೆ ಕರಿಯುವಾಗ ಪಕ್ಕದಂಗಡಿಯ ಜಾರ್ವೊ ಚಪ್ಪಾಳೆ ತಟ್ಟುತ್ತಿದ್ದ. ನೀನು ಬೆಚ್ಚಿ, ಸೌಟು ಎಸೆದು, ಬಾಯಿಗೆ ಬಂದ ಬೈಗುಳ ಉದುರಿಸುತ್ತಿದ್ದೆ. ಅವನು “ನಾನು ಎಮ್ಮೆ!” ಎಂದರೆ ನೀನೂ “ನಾನು ಎಮ್ಮೆ!” ಎನ್ನುತ್ತಿದ್ದೆ. ಸುಧಾರಿಸಿಕೊಂಡ ಮೇಲೆ, “ಹೌದು ಕಣೋ, ನೀನು ನನ್ನ ಬಾಲದ ನೊಣ” ಅನ್ನುತ್ತಿದ್ದೆ. ಊರವರು ಇದನ್ನು ಲಾತಾ ಎಂದು ಕರೆದು ಸುಮ್ಮನಾದರು.

ನಿನ್ನ ಹೆಸರು ಹೇಳದೆ ಕಾಲೇಜಿನಲ್ಲಿ ನನ್ನ ಮನಶ್ಶಾಸ್ತ್ರದ ಮೇಷ್ಟರುಗಳನ್ನು ಇದಕ್ಕೆ ಕಾರಣವೇನೆಂದು ಕೇಳಿದೆ. ಮನೋವಿಶ್ಲೇಷಣೆ ಕಲಿಸುವವರು, ದೊಡ್ಡಪ್ಪ ಸತ್ತಾಗ ಒಳಗೇ ನುಂಗಿದ ದುಃಖ ಹೀಗೆ ಹೊರಬರುತ್ತಿದೆ ಎಂದರು. ಆ ವರ್ಷವೇ ಇದು ಶುರುವಾಯಿತು, ನಿಜ. ಆದರೆ ನೀನು ನುಂಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ, ನಾನೇ ನೋಡಿದ್ದೇನೆ. ವರ್ತನಾವಾದದವರು ಹಳೆಯ ದುಃಖವನ್ನು ಕೆದಕಲೇ ಇಲ್ಲ. ಜನ ನಕ್ಕು ನಕ್ಕು ಅಭ್ಯಾಸವನ್ನು ಬೆಳೆಸಿದ್ದಾರೆ, ನಗು ನಿಂತರೆ ಅದೂ ಕುಗ್ಗೀತು ಎಂದರು. ಮೆದುಳಿನ ಪಾಠ ಮಾಡುವವರಿಗೆ ಇದು ನರದ ಮಾತು: ಎಲ್ಲರೂ ಬೆಚ್ಚುತ್ತಾರೆ, ನೀನು ಸ್ವಲ್ಪ ಹೆಚ್ಚು. ಬೆಚ್ಚಿಬಿಡುತ್ತೇನೆ ಎಂಬ ಯೋಚನೆಯೇ ಬೆಚ್ಚಿಸುತ್ತದೆ ಎಂದು ಇನ್ನೊಬ್ಬರು ವಾದಿಸಿದರು. ಒಬ್ಬರು ನಿನ್ನ ಹಿಂದಕ್ಕೆ ನೋಡಿದರು, ಒಬ್ಬರು ಸುತ್ತ, ಉಳಿದವರು ಒಳಗೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ಹುರುಳಿದೆ.

ಕೊನೆಗೆ ನಮ್ಮ ವಿಭಾಗದ ರೆತ್ನೊ ಮೇಡಂ ಕೇಳಿದರು: “ಅದೆಲ್ಲ ಇರ್ಲಮ್ಮ, ಆಕೆಗೆ ಏನು ಬೇಕಂತೆ?”

ಅದು ನನಗೆ ಗೊತ್ತು. ಬರುವುದಿಲ್ಲ ಎನ್ನುವವಳು ಮದುವೆಗೆ ತೊಡುವ ಹಸಿರು ಕೆಬಾಯ ರವಿಕೆ ಯಾಕೆ ಹೊಲಿಸಿಟ್ಟಿದ್ದೀಯ?

ವರ್ತನಾವಾದದವರ ಮಾತು ಹಿಡಿದು ಜಾರ್ವೊನ ಹತ್ತಿರ ಹೋಗಿ, ದೊಡ್ಡಮ್ಮನನ್ನು ಇನ್ನು ಬೆಚ್ಚಿಸಬೇಡ ಎಂದೆ. “ದೊಡ್ಡಮ್ಮ ಬೆಚ್ಚದಿದ್ರೆ ಅದೆಂಥ ಮದ್ವೇನೇ?” ಎಂದು ಗೊಣಗಿದ. ಆಮೇಲೆ ಒಪ್ಪಿದ. ಮದುವೆಯ ದಿನ ಅವನೇ ನಿನ್ನ ಹಿಂದೆ ಕೂತು, ಯಾರೂ ತಿವಿಯದಂತೆ ಕಾಯುತ್ತಾನೆ.

ಅಷ್ಟಾಗಿಯೂ ಎಲ್ಲೋ ತಟ್ಟೆ ಬಿದ್ದು, ನಿನ್ನ ಬಾಯಿಂದ ‘ಒಪ್ಪಿದೆ’ ಬಂದರೆ? ವರನನ್ನೇ ಕೇಳಿದೆ. ಹರ್ಯಾದಿ ನಕ್ಕುಬಿಟ್ಟ: “ಬರ್ಲಿ ಬಿಡು. ಹೆಣ್ಣು ಕೊಡೋಕೆ ದೊಡ್ಡಮ್ಮನೂ ಒಪ್ಪಿದ್ರು ಅಂತ ಲೆಕ್ಕ.”

ಹಸಿರು ಕೆಬಾಯ ತೊಟ್ಟು ಬಾ. ಅಲ್ಲಿಯವರೆಗೆ ನಿನ್ನ ಸೌಟು ನಿನ್ನ ಕೈಯಲ್ಲೇ ಇರಲಿ, ಎದೆ ತಣ್ಣಗಿರಲಿ.

ನೀನು ತಲೆ ಬಾಚಲೆಂದು ಕಾದಿರುವ,
ಲಾರಾಸ್